ಮನೆಯಲ್ಲೇ ಕಬ್ಬಿಣದ ಪ್ಲೇಟು ಕತ್ತರಿಸುವುದು: ಒಂದು ರೊಟ್ಟಿ ಹಂಚಿನ ಲೆಕ್ಕದಲ್ಲಿ

ಬಳ್ಳಾರಿಯ ನಮ್ಮ ಮನೆಯಲ್ಲಿ ದಿನವೂ ಜೋಳದ ರೊಟ್ಟಿ ಆಗಬೇಕು. ಹಳೆ ಹಂಚು ಗ್ಯಾಸಿನ ಉರಿಗೆ ಬಾಗಿ, ನಡುವೆ ಉಬ್ಬಿಕೊಂಡಿತ್ತು. ಉಬ್ಬಿದ ಹಂಚಿನ ಮೇಲೆ ರೊಟ್ಟಿ ನಡುವೆ ಕರಕಲು, ಅಂಚಿಗೆ ಹಸಿ. ತೆಳು ತಗಡಿನ ಹಂಚುಗಳ ಪಾಡೇ ಇದು. 5 ಎಂಎಂ ದಪ್ಪದ ಪ್ಲೇಟಿನಲ್ಲಿ ಮಾಡಿದರೆ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಹಾಗಾಗಿ ನಾನೇ ಒಂದನ್ನು ಕತ್ತರಿಸಿದೆ. ಆಮೇಲೆ ಅಕ್ಕನಿಗೊಂದು, ಪಕ್ಕದ ಮನೆಯವರಿಗೊಂದು. ಗೇಟಿನ ತೇಪೆ, ಕೂಲರ್ ಸ್ಟ್ಯಾಂಡಿನ ತಳ, ಪಂಪ್‌ಸೆಟ್ ಬೋರ್ಡಿನ ಹಿಂಬದಿ ತಗಡು, ಇವೆಲ್ಲವನ್ನೂ ಈಗ ಮನೆಯಲ್ಲೇ ಕತ್ತರಿಸುತ್ತೇನೆ.

ಇಷ್ಟರಲ್ಲಿ ನನಗೆ ಮನವರಿಕೆಯಾದದ್ದು ಒಂದೇ. ಬ್ಲೇಡು ಕಬ್ಬಿಣ ಕೊಯ್ಯುವುದು ಕೆಲವೇ ನಿಮಿಷದ ಕೆಲಸ. ಪ್ಲೇಟು ಅಲುಗದ ಹಾಗೆ ಬಿಗಿಯುವುದೇ ನಿಜವಾದ ಕೆಲಸ. ವಕ್ರ ಗೆರೆ, ಮುರಿದ ಬ್ಲೇಡು, ಸಿಡಿದ ಡಿಸ್ಕು, ಗಾಯ, ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಅಲುಗಿದ ಪ್ಲೇಟು. ಕೆಳಗಿನ ಹಂತಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ದಪ್ಪ ನೋಡಿ

ಯಾವ ಸಾಮಾನು ಬೇಕು ಅನ್ನುವುದನ್ನು ಪ್ಲೇಟಿನ ದಪ್ಪವೇ ಹೇಳುತ್ತದೆ. ಅಂಗಡಿಯಲ್ಲಿ ತೆಳು ತಗಡನ್ನು ಗೇಜಿನಲ್ಲಿ ಹೇಳುತ್ತಾರೆ. 20 ಗೇಜ್ ಅಂದರೆ ಸುಮಾರು 0.9 ಎಂಎಂ, 18 ಗೇಜ್ 1.2 ಎಂಎಂ, 16 ಗೇಜ್ 1.6 ಎಂಎಂ. ಗೇಜಿನ ಸಂಖ್ಯೆ ಏರಿದಷ್ಟೂ ತಗಡು ತೆಳು. ದಪ್ಪ ಪ್ಲೇಟಿಗೆ ಎಂಎಂ ಲೆಕ್ಕ. ಹಳೆ ಮೇಸ್ತ್ರಿಗಳು ಸೂತಿನಲ್ಲಿ ಹೇಳಿದರೆ ಗಾಬರಿ ಬೇಡ. ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ, ಅಂದಾಜು 3 ಎಂಎಂ.

1.2 ಎಂಎಂವರೆಗೆ ತಗಡು ಕತ್ತರಿ ಸಾಕು. ಅದಕ್ಕಿಂತ ದಪ್ಪ ಇದ್ದರೆ ಕೈ ನೋಯುತ್ತದೆ, ತಗಡೂ ಸೊಟ್ಟಗಾಗುತ್ತದೆ. 1.5 ರಿಂದ 6 ಎಂಎಂವರೆಗೆ ಹ್ಯಾಕ್‌ಸಾ (ಚೌಕಟ್ಟಿನ ಕೈಗರಗಸ), ಜಿಗ್ ಸಾ (ಬ್ಲೇಡು ಮೇಲೆ ಕೆಳಗೆ ಆಡುವ ಕರೆಂಟಿನ ಗರಗಸ), ಗ್ರೈಂಡರ್ (ಡಿಸ್ಕು ತಿರುಗಿಸಿ ಕಬ್ಬಿಣ ಕತ್ತರಿಸುವ ಕೈಯಂತ್ರ) ಮೂರೂ ನಡೆಯುತ್ತವೆ. 6 ಎಂಎಂ ದಾಟಿದ ಉದ್ದ ಕಟಿಂಗ್ ಇದ್ದರೆ ಮನೆಯಲ್ಲಿ ಒದ್ದಾಡಬೇಡಿ. ಗ್ಯಾಸ್ ಕಟಿಂಗ್ ಮಾಡುವವರ ಹತ್ತಿರ ಒಯ್ಯಿರಿ. ಆಕ್ಸಿಜನ್ ಸಿಲಿಂಡರ್ ಮನೆಯ ಅಂಗಳಕ್ಕೆ ತರುವ ಸಾಮಾನಲ್ಲ. ಸ್ಟೇನ್‌ಲೆಸ್ ಸ್ಟೀಲ್ ಆ ಗ್ಯಾಸ್ ಕಟಿಂಗಿಗೂ ಬಗ್ಗುವುದಿಲ್ಲ. ಅದರಲ್ಲಿರುವ ಕ್ರೋಮಿಯಂ ಕಾವಿಗೆ ಗಟ್ಟಿ ಪದರ ಕಟ್ಟಿ, ಉರಿಯುವಿಕೆ ಮುಂದಕ್ಕೆ ಹೋಗದಂತೆ ತಡೆಯುತ್ತದೆ.

ಪ್ಲೇಟು ತರುವಾಗ

ಸಂಡೂರಿನ ಗುಡ್ಡದ ಅದಿರು, ತೋರಣಗಲ್ಲಿನ ಕಾರ್ಖಾನೆ, ಎಲ್ಲ ನಮ್ಮ ಪಕ್ಕದಲ್ಲೇ ಇವೆ. ಅಂಗಡಿಯಲ್ಲಿ ಎರಡು ಬಗೆಯ ತಗಡು ಸಿಗುತ್ತದೆ. ಎಚ್‌ಆರ್ ಅಂದರೆ ಕೆಂಪಗೆ ಕಾದಿದ್ದಾಗಲೇ ಉರುಳಿಸಿದ್ದು, ಮೈಮೇಲೆ ನೀಲಿ ಕಪ್ಪು ಪೊರೆ ಇರುತ್ತದೆ. ಸಿಆರ್ ಅಂದರೆ ತಣ್ಣಗೆ ಉರುಳಿಸಿದ್ದು, ಬೂದು ಬಣ್ಣ, ನುಣುಪು. 5 ಎಂಎಂ ಅಂದರೆ ಎಚ್‌ಆರ್.

ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರ್ ಪ್ಲೇಟು, 1 ಎಂಎಂ ದಪ್ಪಕ್ಕೆ 7.85 ಕೆಜಿ. ದಪ್ಪ ಎಷ್ಟೋ ಅಷ್ಟರಿಂದ ಗುಣಿಸಿ. 8 ಅಡಿ, 4 ಅಡಿಯ 3 ಎಂಎಂ ಪ್ಲೇಟು 70 ಕೆಜಿ ತೂಗುತ್ತದೆ. ಅದನ್ನು ಮನೆಗೆ ತಂದು ಕತ್ತರಿಸುವ ಆಸೆ ಬೇಡ. ಫ್ಯಾಬ್ರಿಕೇಶನ್ ಅಂಗಡಿಯ ಶಿಯರಿಂಗ್ ಯಂತ್ರದಲ್ಲಿ ದೊಡ್ಡ ತುಂಡು ಮಾಡಿಸಿಕೊಂಡು ಬನ್ನಿ. ಹಂಚಿಗೆ ಬೇಕಾದ 300 ಎಂಎಂ ಚೌಕದ 5 ಎಂಎಂ ತುಂಡು ಮೂರೂವರೆ ಕೆಜಿ. ಸುತ್ತಲೂ 20 ಎಂಎಂ ಜಾಸ್ತಿ ಇದ್ದರೆ ಕ್ಲಾಂಪ್ ಹಾಕಲು ಅನುಕೂಲ.

ಗುಜರಿಯಲ್ಲಿ ಸಿಕ್ಕ ಪ್ಲೇಟು ಗೇಟಿಗೆ, ಸ್ಟ್ಯಾಂಡಿಗೆ ಆದೀತು. ಅಡುಗೆಯ ಹಂಚಿಗೆ ಬೇಡವೇ ಬೇಡ. ಅದರ ಮೇಲೆ ಯಾವ ಬಣ್ಣ ಇತ್ತು, ಯಾವ ರಾಸಾಯನಿಕ ಬಿದ್ದಿತ್ತು ಯಾರಿಗೆ ಗೊತ್ತು? ಜಿಐ ತಗಡು ಕೂಡ ಹಂಚಿಗೆ ಆಗದು. ಅದರ ಸತುವಿನ ಲೇಪ ಕಾದರೆ ಹೊಗೆ ಬಿಡುತ್ತದೆ, ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಜಿಐ ಕತ್ತರಿಸುವುದಿದ್ದರೆ ಹ್ಯಾಕ್‌ಸಾ ಅಥವಾ ಕತ್ತರಿ ಹಿಡಿಯಿರಿ. ಗ್ರೈಂಡರೇ ಬೇಕಾದರೆ ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ, ಮಾಸ್ಕ್ ಹಾಕಿಕೊಂಡು.

ಇನ್ನೊಂದು ಮಾತು. ಡೀಸೆಲ್, ಪೆಟ್ರೋಲ್, ಥಿನ್ನರ್, ಔಷಧಿ ತುಂಬಿದ್ದ ಡ್ರಮ್ಮನ್ನು ಯಾವ ಕಾರಣಕ್ಕೂ ಗ್ರೈಂಡರಿನಿಂದ ಕತ್ತರಿಸಬೇಡಿ. ಖಾಲಿ ಡ್ರಮ್ಮಿನೊಳಗೆ ಆವಿ ಉಳಿದಿರುತ್ತದೆ. ಒಂದು ಕಿಡಿ ಸಾಕು, ಡ್ರಮ್ಮು ಬಾಂಬಿನ ಹಾಗೆ ಸಿಡಿಯುತ್ತದೆ. ತೊಳೆದಿದ್ದೇನೆ ಅಂದರೂ ಬೇಡ.

ಜಾಗ, ಬಟ್ಟೆ, ಕರೆಂಟು

ಗ್ರೈಂಡರಿನ ಕಿಡಿ ನಾಲ್ಕೈದು ಮೀಟರ್ ದೂರ ಹಾರುತ್ತದೆ. ನಮ್ಮ ಕಡೆ ಮನೆ ಅಂದರೆ ಪಕ್ಕದಲ್ಲೇ ಸೊಪ್ಪೆಯ ಬಣವೆ, ಭತ್ತದ ಹುಲ್ಲು. ರಾಯಚೂರು ಕಡೆಯ ಹಳ್ಳಿಗಳಲ್ಲಿ ಸುಗ್ಗಿಯ ಹೊತ್ತಿಗೆ ಮನೆಯೊಳಗೇ ಹತ್ತಿ ಒಟ್ಟಿರುತ್ತಾರೆ. ಹತ್ತಿಗೆ ಬಿದ್ದ ಕಿಡಿ ಕಣ್ಣಿಗೆ ಕಾಣುವುದಿಲ್ಲ. ಒಳಗೊಳಗೇ ಹೊಗೆಯಾಡಿ ಎಷ್ಟೋ ಹೊತ್ತಿನ ಮೇಲೆ ಉರಿ ಏಳುತ್ತದೆ. ಹಾಗಾಗಿ ಕಿಡಿ ಹೋಗುವ ಕಡೆ ಗೋಡೆ ಇರಲಿ, ಇಲ್ಲವೇ ಒಂದು ತಗಡು ಅಡ್ಡ ನಿಲ್ಲಿಸಿ. ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು ಪಕ್ಕದಲ್ಲಿಡಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇದ್ದು ಸುತ್ತ ಕಣ್ಣಾಡಿಸಿ. ಆಷಾಢದ ಗಾಳಿ ಬೀಸುವಾಗ ಹೊರಗೆ ಗ್ರೈಂಡರ್ ಹಿಡಿಯಲೇಬೇಡಿ.

ಕಿಡಿ ಅಂದರೆ ಕಾದ ಕಬ್ಬಿಣದ ಕಣ. ಕಾರಿನ ಗಾಜಿಗೆ, ಬೈಕಿನ ಬಣ್ಣಕ್ಕೆ, ಬಿಳಿ ಟೈಲ್ಸಿಗೆ ತಾಗಿದರೆ ಅಂಟಿ ಕೂರುತ್ತದೆ. ಮಳೆ ಬಂದಾಗ ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಗಾಡಿ ದೂರ ನಿಲ್ಲಿಸಿ.

ಹತ್ತಿ ಬಟ್ಟೆ ಹಾಕಿಕೊಳ್ಳಿ. ನಮ್ಮೂರಿನಲ್ಲೇ ಹೊಲಿಯುವ ಜೀನ್ಸ್ ಪ್ಯಾಂಟು ಈ ಕೆಲಸಕ್ಕೆ ಬಹಳ ಒಳ್ಳೆಯದು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹೆಗಲ ಮೇಲಿನ ಟವೆಲ್, ದುಪ್ಪಟ್ಟಾ, ಸಡಿಲ ತೋಳು ಇರಬಾರದು. ಡಿಸ್ಕು ಅದನ್ನು ಎಳೆದರೆ ಕೈ ಸಮೇತ ಎಳೆಯುತ್ತದೆ. ಚಪ್ಪಲಿ ಬೇಡ, ಚರ್ಮದ ಬೂಟು ಬೇಕು. ಬೂಟಿನ ಬಾಯಿಯ ಮೇಲೆ ಪ್ಯಾಂಟು ಇಳಿದಿರಲಿ, ಇಲ್ಲದಿದ್ದರೆ ಕಿಡಿ ಒಳಗೆ ಬೀಳುತ್ತದೆ.

ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್ಸ್, ಅದರ ಮೇಲೆ ಮುಖಕ್ಕೆ ಶೀಲ್ಡ್. ಓದುವ ಕನ್ನಡಕ ಲೆಕ್ಕಕ್ಕಿಲ್ಲ. ಎರಡು ವರ್ಷದ ಹಿಂದೆ ನಾನು ಒಂದೇ ಒಂದು ಸಣ್ಣ ಕಟಿಂಗ್ ಅಂತ ಕನ್ನಡಕದಲ್ಲೇ ಕೂತಿದ್ದೆ. ಪಕ್ಕದಿಂದ ಬಂದ ಕಣ ಕಣ್ಣಿಗೆ ಬಿತ್ತು. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ಡಾಕ್ಟರು ತೆಗೆಯುವ ಹೊತ್ತಿಗೆ ಕಣದ ಸುತ್ತ ತುಕ್ಕಿನ ಉಂಗುರ ಕಟ್ಟಿತ್ತು, ಅದನ್ನೂ ಕೆರೆಯಬೇಕಾಯಿತು. ಕಣ್ಣಿಗೆ ಕಣ ಬಿದ್ದರೆ ಉಜ್ಜಬೇಡಿ, ಮನೆಮದ್ದು ಬೇಡ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಿವಿಗೂ ಮುಚ್ಚಳ ಬೇಕು, ಗ್ರೈಂಡರಿನ ಸದ್ದು ದಿನ ಕಳೆದಂತೆ ಕಿವಿ ಕೆಡಿಸುತ್ತದೆ.

ಕರೆಂಟಿಗೆ 1.5 ಚದರ ಎಂಎಂ ತಂತಿಯ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬಳಸಿ, ಸುರುಳಿ ಪೂರ್ತಿ ಬಿಚ್ಚಿಡಿ. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್) ಇದ್ದರೆ ಇನ್ನೂ ಒಳ್ಳೆಯದು. ಕೆಲಸದ ನಡುವೆ ಕರೆಂಟ್ ಹೋಯಿತು ಅಂದುಕೊಳ್ಳಿ. ಮೊದಲು ಗ್ರೈಂಡರಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಬಹಳಷ್ಟು ಗ್ರೈಂಡರುಗಳ ಸ್ವಿಚ್ ಒತ್ತಿದರೆ ಹಾಗೇ ಕೂರುತ್ತದೆ. ಮರೆತು ನೆಲದ ಮೇಲಿಟ್ಟರೆ, ಕರೆಂಟ್ ಬಂದ ಕೂಡಲೇ ಅದು ತಾನಾಗಿ ತಿರುಗಿ ಓಡಾಡುತ್ತದೆ. ನಮ್ಮ ಕಡೆ ಕರೆಂಟು ಹೋಗಿ ಬರುವುದು ಮಾಮೂಲು ಅಲ್ವಾ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ. 40 ಡಿಗ್ರಿ ಬಿಸಿಲಿನಲ್ಲಿ ಬಿದ್ದ ಪ್ಲೇಟು ಮುಟ್ಟಲಿಕ್ಕೇ ಆಗುವುದಿಲ್ಲ. ಬೆವರು ಗಾಗಲ್ಸಿನೊಳಗೆ ಇಳಿದರೆ ಗೆರೆ ಕಾಣುವುದಿಲ್ಲ.

ಗೆರೆ ಹಾಕುವುದು

ಪ್ಲೇಟಿನ ಎಣ್ಣೆ, ಧೂಳು ಒರೆಸಿ. ಅಂಚು ನೇರ ಇದೆ ಅಂತ ನಂಬಬೇಡಿ, ಮೂಲೆಮಟ್ಟ ಇಟ್ಟು ನೋಡಿ. ಗೆರೆ ಬರುವ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ದಪ್ಪಗೆ ಬಣ್ಣ ಬಳಿದು, ಅದರ ಮೇಲೆ ಚೂಪು ಮೊಳೆಯಿಂದ ಒಂದೇ ಸಲ ಗೀರಿ. ಬಣ್ಣದ ನಡುವೆ ಹೊಳೆಯುವ ಕೂದಲಿನಂಥ ಗೆರೆ ಕಿಡಿಯ ಬೆಳಕಲ್ಲೂ ಕಾಣುತ್ತದೆ. ಸೀಮೆಸುಣ್ಣದ ಗೆರೆ ಎರಡು ಎಂಎಂ ಅಗಲ ಇರುತ್ತದೆ. ಕಿಡಿಯ ಗಾಳಿಗೆ ಹಾರಿಯೂ ಹೋಗುತ್ತದೆ.

ಬ್ಲೇಡಿಗೂ ದಪ್ಪ ಇದೆ. ಕೊಯ್ದಲ್ಲಿ ಒಂದು, ಒಂದೂವರೆ ಎಂಎಂ ಕಬ್ಬಿಣ ಪುಡಿಯಾಗಿ ಹೋಗುತ್ತದೆ. ಅದಕ್ಕೇ ಗೆರೆಯ ಮೇಲೆ ಕತ್ತರಿಸಬಾರದು. ಬೇಡದ ತುಂಡಿನ ಕಡೆ ಕತ್ತರಿಸಿ, ಗೆರೆ ನಿಮ್ಮ ತುಂಡಿನಲ್ಲಿ ಉಳಿಯಲಿ. ಬೇಡದ ಕಡೆಗೆ ದೊಡ್ಡದಾಗಿ ಇಂಟು ಗುರುತು ಹಾಕಿಬಿಡಿ. ಎಷ್ಟು ಅನುಭವ ಇದ್ದರೂ ಇದು ಬೇಕು.

ಬಿಗಿಯುವುದು

ಪ್ಲೇಟನ್ನು ಎರಡು ಇಟ್ಟಿಗೆಯ ಮೇಲಿಟ್ಟು ನಡುವೆ ಕತ್ತರಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನಾನೂ ಮೊದಲು ಹಾಗೇ ಮಾಡಿದೆ. ಕೊಯ್ಯುತ್ತಾ ಹೋದಂತೆ ಪ್ಲೇಟು ನಡುವೆ ಕೆಳಗೆ ಜಗ್ಗುತ್ತದೆ. ಆಗ ಸೀಳಿನ ಮೇಲ್ಬಾಯಿ ಮುಚ್ಚಿಕೊಂಡು ಡಿಸ್ಕನ್ನು ಕಚ್ಚುತ್ತದೆ. ಯಂತ್ರ ಕೈಯಿಂದ ಜಿಗಿಯುತ್ತದೆ, ಇಲ್ಲವೇ ಡಿಸ್ಕು ಒಡೆಯುತ್ತದೆ. ನನ್ನ ಡಿಸ್ಕಿನ ಒಂದು ಚೂರು ಗಾರ್ಡಿಗೆ, ಅಂದರೆ ಡಿಸ್ಕಿನ ಮೇಲಿನ ಲೋಹದ ಮುಚ್ಚಳಕ್ಕೆ, ಬಡಿದು ಗೋಡೆಗೆ ಹೋಗಿ ನಾಟಿತು. ಗಾರ್ಡು ಇರದಿದ್ದರೆ ಅದು ಬರುತ್ತಿದ್ದದ್ದು ನನ್ನ ಕಡೆಗೆ.

ಸರಿಯಾದ ಕ್ರಮ ಇದು. ಬೇಕಾದ ತುಂಡನ್ನು ಗಟ್ಟಿ ಬೆಂಚಿಗೆ ಎರಡು ಸಿ ಕ್ಲಾಂಪಿನಿಂದ ಬಿಗಿಯಿರಿ. ಗೆರೆ ಬೆಂಚಿನ ಅಂಚಿನಿಂದ ಎರಡು ಬೆರಳು ಹೊರಗಿರಲಿ. ಬೇಡದ ತುಂಡು ಹೊರಗೆ ತೂಗಲಿ. ಆಗ ಕೊಯ್ದಂತೆಲ್ಲ ಸೀಳು ಅಗಲವಾಗುತ್ತದೆ, ಬ್ಲೇಡನ್ನು ಕಚ್ಚುವುದಿಲ್ಲ. ತೂಗುವ ತುಂಡು ದೊಡ್ಡದಿದ್ದರೆ ಅದರ ಕೆಳಗೆ ಸ್ಟೂಲು ಇಡಿ. ಸ್ಟೂಲು ಪ್ಲೇಟನ್ನು ಮೇಲಕ್ಕೆ ಎತ್ತಬಾರದು, ಸುಮ್ನೆ ತಾಗಿದಂತಿರಬೇಕು. ಕ್ಲಾಂಪ್ ಹಾಕಿದ ಮೇಲೆ ಪ್ಲೇಟು ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಬೆಂಚೇ ಅಲುಗಬೇಕು, ಪ್ಲೇಟು ಅಲುಗಬಾರದು.

1 ಎಂಎಂ ಆಸುಪಾಸಿನ ತಗಡಾದರೆ ಕೆಳಗೊಂದು, ಮೇಲೊಂದು ಪ್ಲೈವುಡ್ ಇಟ್ಟು ಮೂರನ್ನೂ ಸೇರಿಸಿ ಕೊಯ್ಯಿರಿ. ಹ್ಯಾಕ್‌ಸಾ, ಜಿಗ್ ಸಾ ಎರಡಕ್ಕೂ ಇದು ನಡೆಯುತ್ತದೆ. ಗ್ರೈಂಡರಿಗೆ ಮಾತ್ರ ಬೇಡ, ಮರ ಹೊತ್ತಿಕೊಳ್ಳುತ್ತದೆ.

ಹ್ಯಾಕ್‌ಸಾ

ಅಗ್ಗ, ಸದ್ದಿಲ್ಲ, ಕಿಡಿ ಇಲ್ಲ. ಹೊಸಬರು ಇದರಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕಬ್ಬಿಣ ಹೇಗೆ ಕೊಯ್ಯುತ್ತದೆ ಅನ್ನುವುದು ಕೈಗೆ ತಿಳಿಯುತ್ತದೆ.

ಬ್ಲೇಡಿನ ಮೇಲೆ ಒಂದು ಇಂಚಿಗೆ ಎಷ್ಟು ಹಲ್ಲು ಅಂತ ಬರೆದಿರುತ್ತದೆ: 18, 24, 32. ಪ್ಲೇಟಿನ ದಪ್ಪದ ಮೇಲೆ ಯಾವಾಗಲೂ ಮೂರು ಹಲ್ಲಾದರೂ ಕೂತಿರಬೇಕು. 5 ಎಂಎಂಗೆ 18, 3 ಎಂಎಂಗೆ 24. ಅದಕ್ಕೂ ತೆಳುವಾದರೆ 32 ಹಾಕಿ, ಬ್ಲೇಡನ್ನು ಚೆನ್ನಾಗಿ ಮಲಗಿಸಿ ಓರೆಯಾಗಿ ಕೊಯ್ಯಿರಿ. ಹಲ್ಲು ಕಡಿಮೆ ಕೂತರೆ ಅಂಚಿಗೆ ಸಿಕ್ಕಿ ಮುರಿಯುತ್ತವೆ.

ಹಲ್ಲುಗಳ ಮುಖ ಮುಂದಕ್ಕೆ ಇರುವಂತೆ ಬ್ಲೇಡು ಹಾಕಿ, ಬೆರಳಲ್ಲಿ ಮೀಟಿದರೆ ಟಣ್ ಅನ್ನುವಷ್ಟು ಬಿಗಿ ಮಾಡಿ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ಹಿಂದಕ್ಕೆ ಬರುವಾಗ ಭಾರ ಬಿಡಿ. ನಿಮಿಷಕ್ಕೆ 40ರಿಂದ 50 ಸಲ ಸಾಕು. ಬ್ಲೇಡಿನ ಪೂರ್ತಿ ಉದ್ದ ಬಳಸಿ. ಆಗಾಗ ಒಂದು ಹನಿ ಎಣ್ಣೆ ಬಿಡಿ.

ಚೌಕಟ್ಟು ಪ್ಲೇಟಿನ ಅಂಚಿಗೆ ತಾಗಿ ಮುಂದೆ ಹೋಗದಿದ್ದಾಗ ಬ್ಲೇಡನ್ನು ಕಾಲು ಸುತ್ತು ತಿರುಗಿಸಿ ಹಾಕಬಹುದು. ಚೌಕಟ್ಟು ಪಕ್ಕಕ್ಕೆ ಮಲಗುತ್ತದೆ, ಉದ್ದಕ್ಕೆ ಎಷ್ಟು ಬೇಕಾದರೂ ಕೊಯ್ಯಬಹುದು. ನಡುವೆ ಬ್ಲೇಡು ಸವೆದು ಹೊಸದು ಹಾಕಿದರೆ ಹಳೆ ಸೀಳಿಗೆ ತುರುಕಬೇಡಿ. ಸವೆದ ಬ್ಲೇಡಿನ ಸೀಳು ಕಿರಿದಾಗಿರುತ್ತದೆ, ಹೊಸ ಬ್ಲೇಡು ಅದರಲ್ಲಿ ಸಿಕ್ಕಿ ಮುರಿಯುತ್ತದೆ. ಇನ್ನೊಂದು ತುದಿಯಿಂದ ಶುರು ಮಾಡಿ.

ಗ್ರೈಂಡರ್

ಮನೆಗೆ 4 ಇಂಚಿನ ಗ್ರೈಂಡರ್ ಸಾಕು. ಅದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. 4 ಇಂಚಿನ ಕಟಿಂಗ್ ವೀಲಿನ (ಕತ್ತರಿಸುವ ಡಿಸ್ಕಿನ) ಮೇಲೆ ಗರಿಷ್ಠ 15,300 ಅಂತ ಅಚ್ಚಾಗಿರುತ್ತದೆ. ಅದರ ಅರ್ಥ, ವೀಲಿನ ಅಂಚು ಸೆಕೆಂಡಿಗೆ 80 ಮೀಟರ್ ವೇಗದವರೆಗೆ ತಡೆಯುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ 288 ಕಿಲೋಮೀಟರ್! ಡಿಸ್ಕು ಒಡೆದರೆ ಚೂರು ಯಾವ ವೇಗದಲ್ಲಿ ಬರುತ್ತದೆ ಅಂತ ಇದರಿಂದ ತಿಳಿಯಿರಿ. ದೊಡ್ಡ ಡಿಸ್ಕಿಗೆ ತಡೆಯುವ ಸುತ್ತು ಕಡಿಮೆ. 7 ಇಂಚಿನದ್ದಕ್ಕೆ 8,500 ಮಾತ್ರ. ಗಾರ್ಡು ಬಿಚ್ಚಿ ಸಣ್ಣ ಯಂತ್ರಕ್ಕೆ ದೊಡ್ಡ ಡಿಸ್ಕು ಹಾಕುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದು ಇನ್ನೂ ಅಪಾಯ.

ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಇರುತ್ತದೆ. ಅದು ಬಳಸಬಹುದಾದ ಕೊನೆಯ ದಿನಾಂಕ. ಅಂಟು ಹಳತಾದರೆ, ತೇವ ತಗುಲಿದರೆ ಬಲ ಕಳೆದುಕೊಳ್ಳುತ್ತದೆ. ಕೆಳಗೆ ಬಿದ್ದ ಡಿಸ್ಕು, ಬಿರುಕು ಬಿಟ್ಟ ಡಿಸ್ಕು ನೇರ ಕಸಕ್ಕೆ. ಪ್ಲೇಟು ಕತ್ತರಿಸಲು 1 ಎಂಎಂ ದಪ್ಪದ ತೆಳು ವೀಲ್ ತೆಗೆದುಕೊಳ್ಳಿ, ಬೇಗ ಕೊಯ್ಯುತ್ತದೆ, ಕಾವು ಕಡಿಮೆ. ಆದರೆ ಅದು ಪಕ್ಕದ ಒತ್ತಡ ತಡೆಯುವುದಿಲ್ಲ. ಅದರ ಮೈಯಿಂದ ಅಂಚು ಉಜ್ಜಬೇಡಿ, ಸೀಳಿನೊಳಗೆ ಓರೆ ಮಾಡಬೇಡಿ.

ಡಿಸ್ಕು ಬದಲಿಸುವಾಗ ಪ್ಲಗ್ ಹೊರಗೆ. ಹಾಕಿದ ಮೇಲೆ ಅರ್ಧ ನಿಮಿಷ ಖಾಲಿ ಓಡಿಸಿ, ನೀವು ಡಿಸ್ಕಿನ ಸಾಲಿನಲ್ಲಿ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಪಕ್ಕದ ಹಿಡಿಕೆ ಹಾಕಿ ಎರಡೂ ಕೈಯಲ್ಲಿ ಹಿಡಿಯಿರಿ. ಗಾರ್ಡು ನಿಮ್ಮ ಮತ್ತು ಡಿಸ್ಕಿನ ನಡುವೆ ಇರಲಿ.

ಯಾವ ದಿಕ್ಕಿಗೆ ನಡೆಸಬೇಕು? ಕಿಡಿ ಯಾವ ಕಡೆ ಹಾರುತ್ತದೋ ಆ ಕಡೆಗೇ. ಆಗ ಯಂತ್ರ ನಿಮ್ಮ ಕೈಯನ್ನು ಹಿಂದಕ್ಕೆ ತಳ್ಳುತ್ತದೆ, ನೀವು ಅದನ್ನು ಮುಂದಕ್ಕೆ ನಡೆಸುತ್ತೀರಿ, ಹಿಡಿತ ನಿಮ್ಮದೇ. ಉಲ್ಟಾ ನಡೆಸಿದರೆ ಯಂತ್ರವೇ ನಿಮ್ಮನ್ನು ಎಳೆದುಕೊಂಡು ಓಡುತ್ತದೆ.

ನೇರ ಗೆರೆಗೆ ಒಂದು ಆಂಗಲ್ ಕಬ್ಬಿಣವನ್ನು ಗೆರೆಯ ಪಕ್ಕಕ್ಕೆ ಕ್ಲಾಂಪ್ ಮಾಡಿ ಆಸರೆ ಮಾಡಿಕೊಳ್ಳಿ. ಒಂದೇ ಜಾಗದಲ್ಲಿ ಆಳಕ್ಕೆ ಇಳಿಸಬೇಡಿ. ಮೊದಲ ಸಲ ಗೆರೆಯುದ್ದಕ್ಕೂ ಸುಮ್ನೆ ಒಂದು ಎಂಎಂ ಗೀರು. ಎರಡನೇ ಸಲ ಆ ಗೀರೇ ದಾರಿ ತೋರಿಸುತ್ತದೆ. 5 ಎಂಎಂ ಪ್ಲೇಟಿಗೆ ಮೂರು ನಾಲ್ಕು ಓಟ ಬೇಕು. ಯಂತ್ರದ ಸದ್ದು ಇಳಿದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಅಂತ. ಕೊನೆಯ ಎರಡು ಬೆರಳು ಉಳಿದಾಗ ನಿಲ್ಲಿಸಿ ಕ್ಲಾಂಪು, ಸ್ಟೂಲು ಮತ್ತೆ ನೋಡಿ, ನಿಧಾನಕ್ಕೆ ಮುಗಿಸಿ. ಬಿದ್ದ ತುಂಡು ಕಾದಿರುತ್ತದೆ, ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ.

ಚೌಕದಿಂದ ದುಂಡು

ಕಟಿಂಗ್ ವೀಲಿನಲ್ಲಿ ದುಂಡಗೆ ತಿರುಗಿಸಲು ಹೋದರೆ ಡಿಸ್ಕು ಒಡೆಯುತ್ತದೆ. ಅದು ನೇರ ಗೆರೆಯ ಸಾಮಾನು. ಹಾಗಾಗಿ ನೇರ ಗೆರೆಗಳಿಂದಲೇ ದುಂಡಿಗೆ ಹತ್ತಿರ ಹೋಗಬೇಕು.

ನಡುವೆ ಸೆಂಟರ್ ಪಂಚ್ (ಚುಕ್ಕೆ ಗುರುತು ಹಾಕುವ ಚೂಪು ಉಳಿ) ತೀರಾ ಹಗುರವಾಗಿ ತಾಗಿಸಿ 150 ಎಂಎಂ ತ್ರಿಜ್ಯದ ವೃತ್ತ ಗೀರಿ. ಅದರ ಸುತ್ತ 300 ಎಂಎಂ ಚೌಕ ಕತ್ತರಿಸಿ. ಪ್ರತಿ ಮೂಲೆಯಿಂದ ಎರಡೂ ಬದಿಗೆ 88 ಎಂಎಂ ಅಳೆದು ಗುರುತು ಹಾಕಿ, ಸೇರಿಸಿ ಗೆರೆ ಎಳೆಯಿರಿ. ಆ ಗೆರೆ ವೃತ್ತವನ್ನು ಸರಿಯಾಗಿ ತಾಗುತ್ತದೆ. ನಾಲ್ಕು ಮೂಲೆ ತೆಗೆದರೆ ಎಂಟು ಮೂಲೆಯ ತುಂಡು. ಈಗ ಮೂಲೆಗಳು ವೃತ್ತದಿಂದ 12 ಎಂಎಂ ಹೊರಗಿರುತ್ತವೆ. ಆ ಎಂಟನ್ನೂ ವೃತ್ತಕ್ಕೆ ತಾಗುವಂತೆ ಗೆರೆ ಹಾಕಿ ತೆಗೆಯಿರಿ. ಹದಿನಾರು ಮೂಲೆಯಾಯಿತು, ಹೊರಗುಳಿದದ್ದು ಬರೀ 3 ಎಂಎಂ. ಅದನ್ನು ಗ್ರೈಂಡಿಂಗ್ ವೀಲಿನಲ್ಲಿ (ಉಜ್ಜುವ ದಪ್ಪ ಡಿಸ್ಕು) ತಿಕ್ಕಿ ದುಂಡು ಮಾಡಿ, ಫ್ಲಾಪ್ ಡಿಸ್ಕಿನಲ್ಲಿ (ಉಜ್ಜುಕಾಗದದ ಪಟ್ಟಿಗಳ ಡಿಸ್ಕು) ನುಣುಪು ಮಾಡಿ. ತಯಾರಾದ ಹಂಚು ಪಾವು ಕಮ್ಮಿ ಮೂರು ಕೆಜಿ ತೂಗುತ್ತದೆ.

ಗ್ರೈಂಡರ್ ಇಲ್ಲದವರು ವೃತ್ತದ ಹೊರಗೆ 6 ಎಂಎಂ ತೂತುಗಳನ್ನು 7 ಎಂಎಂಗೊಂದರಂತೆ ಸಾಲಾಗಿ ಕೊರೆದು, ನಡುವಿನ ಸಣ್ಣ ಗೋಡೆಗಳನ್ನು ಚಾಣ, ಸುತ್ತಿಗೆಯಿಂದ ಕಡಿಯಬಹುದು. ಈ ಹಂಚಿಗೆ 138ರ ಸುಮಾರು ತೂತು ಬೇಕು. ಒಂದು ದಿನದ ಕೆಲಸ. ಪ್ಲೇಟಿನ ನಡುವೆ ಕಿಟಕಿ ತೆಗೆಯಬೇಕಾದಾಗ ಮಾತ್ರ ಈ ದಾರಿ ನಿಜಕ್ಕೂ ಉಪಯೋಗ.

ಜಿಗ್ ಸಾ ಇದ್ದರೆ ದುಂಡು ಸಲೀಸು. 3 ಎಂಎಂವರೆಗೆ ಟಿ 118 ಎ ಬ್ಲೇಡು, 2.5 ರಿಂದ 6 ಎಂಎಂಗೆ ಟಿ 118 ಬಿ. ವೇಗ ಕಡಿಮೆ ಇಡಿ, ಬ್ಲೇಡು ಮುಂದೆ ಹಿಂದೆ ತೂಗುವ ಸೆಟ್ಟಿಂಗ್ ಸೊನ್ನೆಗೆ ತನ್ನಿ, ಗೆರೆಗೆ ಎಣ್ಣೆ ಹಚ್ಚಿ.

ಅಂಚು ಮತ್ತು ಹದ

ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಚೂಪು. ಕೈ ಹಾಕುವ ಮೊದಲು ಅರ ತೆಗೆದುಕೊಂಡು ಮೇಲೂ ಕೆಳಗೂ ಓರೆಯಾಗಿ ಉಜ್ಜಿ. ಅರವೂ ಹ್ಯಾಕ್‌ಸಾ ಹಾಗೆಯೇ, ಮುಂದಕ್ಕೆ ಮಾತ್ರ ಕೆಲಸ ಮಾಡುತ್ತದೆ. ನೆಲದ ಕಬ್ಬಿಣದ ಪುಡಿಯನ್ನು ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಎತ್ತಿ. ಚೀಲ ಉಲ್ಟಾ ಮಾಡಿದರೆ ಪುಡಿ ಅದರೊಳಗೇ ಉಳಿಯುತ್ತದೆ. ಬರಿಗಾಲಲ್ಲಿ ಓಡಾಡುವ ಅಂಗಳದಲ್ಲಿ ಇದನ್ನು ಬಿಡಬಾರದು.

ಹಂಚಿನ ಮೇಲಿನ ನೀಲಿ ಕಪ್ಪು ಪೊರೆಯನ್ನು ಫ್ಲಾಪ್ ಡಿಸ್ಕಿನಿಂದ ಪೂರ್ತಿ ತೆಗೆಯಿರಿ, ಬೆಳ್ಳಗೆ ಕಬ್ಬಿಣ ಕಾಣಬೇಕು. ಬಿಸಿನೀರು, ಸೋಪು ಹಾಕಿ ಎರಡು ಸಲ ತೊಳೆದು ಕೂಡಲೇ ಒಲೆಯ ಮೇಲೆ ಒಣಗಿಸಿ. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ. ಹೀಗೆ ನಾಲ್ಕೈದು ಸಲ. ಕುಸುಬೆ ಎಣ್ಣೆಯೂ ಆದೀತು. ಎಣ್ಣೆ ದಪ್ಪ ಹಚ್ಚಿದರೆ ಅಂಟಂಟಾಗಿ ಉಳಿಯುತ್ತದೆ.

ದಪ್ಪ ಹಂಚು ಕಾಯಲು ಹೊತ್ತು ಬೇಕು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟು ಆಮೇಲೆ ಉರಿ ಏರಿಸಿ. ಮೊದಲ ಎರಡು ರೊಟ್ಟಿಗೆ ಕಪ್ಪು ಹತ್ತುತ್ತದೆ, ಅವನ್ನು ತಿನ್ನದೆ ತೆಗೆದಿಡಿ. ನಮ್ಮ ಮನೆಯಲ್ಲಿ ಮೂರನೆಯದು ಅಂಚಿನಿಂದ ಅಂಚಿಗೆ ಉಬ್ಬಿ ಬಂತು.